ಸತ್ತಿ ಶಿಬಿರದ ಕಿವಿಪಾಳಿ

ಹೋದ ವಾರ ನನ್ನ ಚಪ್ಪಲಿಗಳು ಮೂಕವಾಗಿ ಮನೆಗೆ ಮರಳಿದವು. ಹೆಬ್ಬೆರಳು ತೂರಿಸುವ ಉಂಗುಟ ಕಿತ್ತುಹೋಗಿತ್ತೆಂದು, ಅದೊಂದನ್ನು ಮಾತ್ರ ಹೊಲಿದು ಕೊಡಬೇಕೆಂದು, ಎರಡು ಸಲ ಬಿಡಿಸಿ ಹೇಳಿ, ಅಥಣಿ ಪೇಟೆಯ ನಮ್ಮ ಹಳೆಯ ಅಂಗಡಿಯಲ್ಲಿ ಕೊಟ್ಟು ಬಂದಿದ್ದೆ. ಅಂಗಡಿಯಲ್ಲಿ ಈಗ ಕೂರುವವನು ಹಳೆಯ ಯಜಮಾನ ಪರಸಪ್ಪನ ಮಗ ಸದಾಶಿವ. ಮರುದಿನ ಹೋದಾಗ ಹುಡುಗ ಮುಖವೆಲ್ಲ ನಗೆ ಮಾಡಿಕೊಂಡು ಚಪ್ಪಲಿಗಳನ್ನು ಮುಂದಿಟ್ಟ.

"ಸರ, ನಿಮ್ಮ ಚಪ್ಪಲ್ ಭಾಳ ಕರ್ರ ಕರ್ರ ಅಂತಿದ್ದೂರಿ. ಅಟ್ಟಿ ಬಿಚ್ಚಿ ಒಳಗಿನ ಕಾಳ ತಗದ ಒಗದೀನ್ರಿ. ಈಗ ನಡದ ನೋಡ್ರಿ, ಬೆಕ್ಕಿನ ಗತೆ ಹೋಗಬೌದು. ಅದಕ್ಕ ರೊಕ್ಕಾ ಬ್ಯಾಡ್ರಿ, ಫುಕಟ್!"

ಮೂವತ್ತೆಂಟು ವರ್ಷ ಗಣಿತ ಕಲಿಸಿದ ಮನುಷ್ಯ ಬೆಕ್ಕಿನಂತೆ ನಡೆಯಬಹುದೆಂದು ನಡುಬಜಾರಿನಲ್ಲಿ ಅನುಮತಿ ಕೊಡಲಾಯಿತು. ನಾನು ಏನೂ ಅನ್ನಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಏನೂ ಅನ್ನುವುದಿಲ್ಲ, ನೆನಪಿಟ್ಟುಕೊಳ್ಳುತ್ತೇನೆ. ನಿಪ್ಪಾಣಿಯ ಒಂದು ಮದುವೆಯಲ್ಲಿ ಗೋದಿ ಹುಗ್ಗಿಯ ಕೊನೆಯ ತುತ್ತು ಬಾಕಿ ಇರುವಾಗಲೇ ನನ್ನ ಎಲೆಯನ್ನು ಎತ್ತಿದ ಕೈಯಲ್ಲಿ ಯಾವ ಬೆರಳಿಗೆ ಯಾವ ಹರಳಿನ ಉಂಗುರವಿತ್ತೆಂಬುದನ್ನು ನಾನು ಇವತ್ತಿಗೂ ಹೇಳಬಲ್ಲೆ. ಚಿಕ್ಕೋಡಿಯ ಬಸ್ಸಿನಲ್ಲಿ ನನ್ನ ಕರವಸ್ತ್ರ ಹಾಕಿದ್ದ ಸೀಟಿನ ಮೇಲೆ ಕುಳಿತ ಮಹಾಶಯನನ್ನು ಹಿಂದಿನಿಂದ ನೋಡಿದರೂ ಗುರುತಿಸುತ್ತೇನೆ. ಆದ್ದರಿಂದ ಸದಾಶಿವನ ಈ ಪುಕ್ಕಟೆ ಉಪಕಾರವೂ ತನಗೆ ಸಲ್ಲಬೇಕಾದ ಜಾಗದಲ್ಲಿ ಭದ್ರವಾಗಿ ದಾಖಲಾಗಿದೆ.

ಚಪ್ಪಲಿ ಸಪ್ಪಳ ಮಾಡುವುದು ದೋಷವೆಂದು ತಿಳಿದ ಕಾಲ ಇದು. ನಮ್ಮ ಕಾಲದಲ್ಲಿ ಅದನ್ನು ಹೇಳಿ ಮಾಡಿಸಿಕೊಳ್ಳುತ್ತಿದ್ದರು. ಪರಸಪ್ಪ ನೆಲದ ಮೇಲೆ ಕಾಗದ ಹಾಸಿ, ಅದರ ಮೇಲೆ ನಮ್ಮ ಪಾದ ಇರಿಸಿ, ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದಾದ ಮೇಲೆ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವಷ್ಟೇ ಮರ್ಯಾದೆಯಿಂದ ಕೇಳುತ್ತಿದ್ದ: "ಸಪ್ಪಳ ಎಷ್ಟ ಬೇಕ್ರಿ?" ಹಿಮ್ಮಡಿಯ ಕೆಳಗಿನ ಎರಡು ಪದರ ತೊಗಲಿನ ನಡುವೆ ಒಂದು ಒಣಗಿದ ಬೀಜವನ್ನಿಟ್ಟು ಹೊಲಿದುಬಿಟ್ಟರೆ, ಕಾಲೂರಿದಾಗಲೆಲ್ಲ ಕರ್ರ್ ಎನ್ನುತ್ತಿತ್ತು. ರೈತರು ಹಾವು ಸರಿದು ಹೋಗಲಿ ಎಂದು ಹಾಕಿಸುತ್ತೇವೆ ಎನ್ನುತ್ತಿದ್ದರು. ಪೇಟೆಯವರು ಮಾತ್ರ ಗತ್ತಿಗಾಗಿ ಎಂದು ಒಪ್ಪಿಕೊಳ್ಳದೆ, ಅವರೂ ಹಾವಿನ ಹೆಸರನ್ನೇ ಹೇಳುತ್ತಿದ್ದರು. ನನ್ನ ಮಟ್ಟಿಗೆ ಅದು ಸಭ್ಯತೆಯ ಪ್ರಶ್ನೆ. ಮನುಷ್ಯನಾದವನು ತಾನು ಬರುತ್ತಿರುವುದನ್ನು ಮುಂಚಿತವಾಗಿ ತಿಳಿಸಬೇಕು.

ನಮ್ಮ ಅಪ್ಪನ ಕಾಲ್ಮರಿಯ ಸಪ್ಪಳ ರಾಯಬಾಗದ ನಮ್ಮ ಓಣಿಯ ಬಾಯಿಯಿಂದಲೇ ಕೇಳಿಸುತ್ತಿತ್ತು. ಅದು ಕೇಳಿದ ಕ್ಷಣ ಅಜ್ಜಿಯ ತಂಬಾಕಿನ ಚಂಚಿ ದಿಂಬಿನಡಿಗೆ ಹೋಗುತ್ತಿತ್ತು. ಪಕ್ಕದ ಮನೆಯವಳೊಂದಿಗೆ ಗೋಡೆಯಾಚೆ ನಡೆದಿದ್ದ ಅವ್ವನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನಾವು ಮೂವರು ಅಣ್ಣತಮ್ಮಂದಿರು ಗೋಲಿಗಳನ್ನು ಚಡ್ಡಿಯ ಕಿಸೆಗಿಳಿಸಿ ಪುಸ್ತಕ ತೆರೆದು ಕೂರುತ್ತಿದ್ದೆವು. ನನ್ನ ಪುಸ್ತಕ ಒಮ್ಮೊಮ್ಮೆ ತಲೆಕೆಳಗಾಗಿ ಇರುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, "ಓದ್ರಿ, ಓದ್ರಿ" ಎಂದು ಕಾಲು ತೊಳೆಯಲು ಹೋಗುತ್ತಿದ್ದ. ಇಂಥ ಮುಗ್ಧ ಮನುಷ್ಯ ಹೊಲಮನೆ ಹೇಗೆ ನಡೆಸುತ್ತಾನೋ ಎಂದು ನಾವು ಕಿಸಕ್ಕನೆ ನಗುತ್ತಿದ್ದೆವು. ಅಪ್ಪನ ಒಂದು ನಡವಳಿಕೆ ಮಾತ್ರ ನನಗೆ ಬಗೆಹರಿದಿರಲಿಲ್ಲ. ಹೊಲದಲ್ಲಿ ಅವನು ಮೆಟ್ಟುತ್ತಿದ್ದದ್ದು ಸಪ್ಪಳವಿಲ್ಲದ ಇನ್ನೊಂದು ಜೋಡು. ಓಣಿಯ ಬಾಯಿಯಲ್ಲಿದ್ದ ಬಾವಿಯ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಸಪ್ಪಳದ ಜೋಡನ್ನು ಹೊರತೆಗೆದು, ಮೆಟ್ಟಿಕೊಂಡೇ ಮನೆಯ ಕಡೆ ಬರುತ್ತಿದ್ದ. ಹೊಲದ ಮಣ್ಣು ಮನೆಗೆ ಬರಬಾರದೆಂಬ ಶಿಸ್ತು ಇರಬೇಕೆಂದು ತಿಳಿದು ನಾನು ಆ ವಿಚಾರವನ್ನು ಅಲ್ಲಿಗೇ ಮುಗಿಸಿದ್ದೆ.

ಇದೆಲ್ಲ ಚಪ್ಪಲಿಯ ಮಾತಾಯಿತು. ಆದರೆ ಚಪ್ಪಲಿ ಮೂಕವಾದ ದಿನದಿಂದ ನನಗೆ ನೆನಪಾಗುತ್ತಿರುವುದು ಹೊಳೆದಂಡೆಯ ಸತ್ತಿ ಎಂಬ ಹಳ್ಳಿಯ ಬೇಸಿಗೆ ಶಿಬಿರ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ವಿದ್ಯಾಸಂಸ್ಥೆಯ ಶಾಲೆಗಳು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಒಂದೊಂದು ಇದ್ದವು. ಐದೂ ಊರಿನ ಮಕ್ಕಳನ್ನು ಸೇರಿಸಿ ಹೊಳೆಯ ದಂಡೆಯಲ್ಲಿ ಹತ್ತು ದಿನದ ಶಿಬಿರ ನಡೆಸಬೇಕೆಂದು ನಾನು ಸಭೆಯಲ್ಲಿ ಸೂಚಿಸಿದೆ. ಆಗ ಚಹಾ ಬಂತು. ತಟ್ಟೆಯಲ್ಲಿ ಏಳು ಕಪ್ಪುಗಳಿದ್ದವು, ಆರಕ್ಕೆ ಹಿಡಿಕೆ ಇತ್ತು. ಏಳನೆಯದನ್ನು ಸಂಸ್ಥೆಯ ಕಾರ್ಯದರ್ಶಿಗಳು ತಮ್ಮ ಸ್ವಹಸ್ತದಿಂದ ತಿರುಗಿಸಿ ನನ್ನ ಮುಂದೆ ಇಟ್ಟರು. ಇಟ್ಟು ಹೇಳಿದರು:

"ಮಾಸ್ತರ, ನೀವು ಲೆಕ್ಕದ ಮಂದಿ. ಹುಡುಗೂರ್ನ ನಗಸೂದು ನಿಮ್ಮಿಂದ ಆಗೂ ಮಾತಲ್ಲ. ಮೂರನೇ ದಿನಕ್ಕ ಟ್ರಂಕ್ ಹೊತಗೊಂಡ ಬಸ್ ಸ್ಟ್ಯಾಂಡಿನ್ಯಾಗ ಕುಂಡರತಾವ ನೋಡ್ರಿ."

"ಇಲ್ಲರಿ, ಒಂದೂ ಹೋಗೂದಿಲ್ಲ."

"ಒಂದ ಹುಡುಗ ನಡುವ ಮನಿಗಿ ಹೋತಂದ್ರ ಮುಂದಿನ ವರ್ಷ ಶಿಬಿರದ ಹೆಸರ ಎತ್ತಬ್ಯಾಡ್ರಿ ಮತ್ತ."

"ಎತ್ತೂದಿಲ್ಲರಿ" ಎಂದೆ. ಹಿಡಿಕೆಯಿಲ್ಲದ ಕಪ್ಪನ್ನು ಹಿಡಿದಿದ್ದ ಬೆರಳುಗಳು ಸುಡುತ್ತಿದ್ದವು. ಉಳಿದ ಐವರು ಸದಸ್ಯರು ನಕ್ಕರು. ಐವರ ಹೆಸರೂ ನನಗೆ ನೆನಪಿದೆ. ಅವರಲ್ಲಿ ಮೂವರು ಈಗಿಲ್ಲವಾದ್ದರಿಂದ ಬರೆಯುವುದಿಲ್ಲ.

ಮೇ ತಿಂಗಳಲ್ಲಿ ಸತ್ತಿಯ ಹತ್ತಿರ ಕೃಷ್ಣೆ ಒಂದು ಮಗ್ಗುಲಿಗೆ ಸರಿದು ಮಲಗಿರುತ್ತಾಳೆ, ಉಳಿದದ್ದೆಲ್ಲ ಉಸುಕು. ದಂಡೆಯ ಮೇಲೆ ನಾವು ಕೇಳಿ ಪಡೆದಿದ್ದ ಶಾಲೆಯ ಕಟ್ಟಡ, ಅದರ ಹಿಂದೆ ಸಿಮೆಂಟಿನ ನೀರಿನ ಟಾಕಿ, ಟಾಕಿಯ ಆಚೆ ಅಡಿಗೆಯ ಚಪ್ಪರ, ಚಪ್ಪರಕ್ಕೆ ನೆರಳಾಗಿ ಒಂದು ಭಾರಿ ಹುಣಸೆಮರ. ಮಕ್ಕಳು ನಲವತ್ತೆರಡು. ನನ್ನ ಕೈಕೆಳಗೆ ಮೂವರು ಸಿಬ್ಬಂದಿ: ಕಾಗವಾಡದ ಡ್ರಿಲ್ ಮಾಸ್ತರ ಅಪ್ಪಾಸಾಬ (ಕುಸ್ತಿಯ ಮೈ, ಮಗುವಿನ ನಗೆ), ಹಾಡು ಮತ್ತು ಮಣ್ಣಿನ ಕೆಲಸ ಕಲಿಸಲು ಚಿಕ್ಕೋಡಿಯ ಕಲಾವತಿ ಟೀಚರು, ಅಡಿಗೆಗೆ ಸತ್ತಿಯವಳೇ ಆದ ಕಾಶವ್ವ.

ಸಿಬ್ಬಂದಿಯ ಹುರುಪು ಇಳಿಯದಂತೆ ನೋಡಿಕೊಂಡರೆ ಮಕ್ಕಳ ಹುರುಪು ತಾನಾಗಿ ಉಳಿಯುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಅದಕ್ಕಾಗಿ ಮೂರು ಬಣ್ಣದ ಶಾಯಿಯಲ್ಲಿ ವೇಳಾಪತ್ರಿಕೆ ಬರೆದೆ: ದೇಹಕ್ಕೆ ಕೆಂಪು, ಬುದ್ಧಿಗೆ ನೀಲಿ, ಊಟಕ್ಕೆ ಹಸಿರು. ದಿನವೂ ಬೆಳಿಗ್ಗೆ ಚಹಾಕ್ಕಿಂತ ಮುಂಚೆ ಮೂವರನ್ನೂ ನಿಲ್ಲಿಸಿ, "ಹುರುಪು ಎಂದರೇನು?" ಎಂಬ ವಿಷಯದ ಮೇಲೆ ಇಪ್ಪತ್ತು ನಿಮಿಷ ಮಾತನಾಡುತ್ತಿದ್ದೆ. ದೃಷ್ಟಾಂತಕ್ಕೆಂದು ಹಿಡಿಕೆಯಿಲ್ಲದ ಕಪ್ಪಿನ ಪ್ರಸಂಗವನ್ನೂ ಹೇಳುತ್ತಿದ್ದೆ. ಎರಡನೆಯ ದಿನ ಕಾಶವ್ವ ನಡುವೆಯೇ ಬಾಯಿ ಹಾಕಿದಳು.

"ಗುರುಗಳ, ನನ್ನ ಹುರುಪು ಒಲಿ ಮ್ಯಾಲ ಇಟ್ಟ ಬಂದೀನ್ರಿ. ತಳಾ ಹಿಡಿಯಾಕತ್ತೈತಿ."

ಅವಳನ್ನು ಕಳಿಸಿದೆ. ಉಪ್ಪಿಟ್ಟು ನಿಜವಾಗಿಯೂ ತಳ ಹಿಡಿದಿತ್ತು. ಆದರೂ ಆ ಮಾತು ನನಗೆ ಮರೆತಿಲ್ಲ.

ಮಾತನಾಡಿ ಸುಮ್ಮನೆ ಕೂರುವ ಜಾತಿ ನಾನಲ್ಲ. ಗಂಟೆಗೊಮ್ಮೆ ಚಪ್ಪಲಿ ಮೆಟ್ಟಿ ಇಡೀ ಶಿಬಿರವನ್ನು ಒಂದು ಸುತ್ತು ಹಾಕುತ್ತಿದ್ದೆ. ಏನು ಹೇಳಲಿ! ನೋಡಿದಲ್ಲೆಲ್ಲ ಶಿಸ್ತು. ನಾನು ಮೂಲೆ ತಿರುಗುವಷ್ಟರಲ್ಲಿ ಅಪ್ಪಾಸಾಬನ ಸೀಟಿಗೆ ಮಕ್ಕಳು ಸಾಲಾಗಿ ಕೈ ಚಾಚಿ ನಿಂತಿರುತ್ತಿದ್ದರು. ಪಡಸಾಲೆಯಲ್ಲಿ ಕಲಾವತಿ ಟೀಚರು ತಾಳ ಹಾಕುತ್ತಿರುವಾಗ ಮಕ್ಕಳು ಒಂದೇ ಕಂಠದಿಂದ ಹಾಡುತ್ತಿದ್ದರು. ಮಣ್ಣಿನ ಆನೆಗಳು ಹಲಗೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ತಪಾಸಣೆಯ ವಹಿಯಲ್ಲಿ ನಾನು ಪ್ರತಿ ಸುತ್ತಿಗೂ "ಉತ್ತಮ" ಎಂದು ಬರೆಯುತ್ತ ಹೋದೆ.

ಮೂರನೆಯ ದಿನ ಯಾವ ಮಗುವೂ ಟ್ರಂಕು ಹೊರಲಿಲ್ಲ. ನಾನು ಕಾರ್ಯದರ್ಶಿಗಳಿಗೆ ಒಂದು ಪೋಸ್ಟ್ ಕಾರ್ಡು ಬರೆದೆ: "ಮೂರನೆಯ ದಿನ. ನಲವತ್ತೆರಡು." ನಾಲ್ಕನೆಯ ದಿನ ಇನ್ನೊಂದು: "ನಾಲ್ಕನೆಯ ದಿನ. ನಲವತ್ತೆರಡು." ಐದನೆಯ ದಿನದ ಒಕ್ಕಣೆಯನ್ನು ನೀವೇ ಊಹಿಸಬಹುದು. ಒಂದಕ್ಕೂ ಉತ್ತರ ಬರಲಿಲ್ಲ. ಅದನ್ನೂ ಬರೆದಿಟ್ಟೆ.

ಈಗ ಕುಳಿತು ಯೋಚಿಸಿದರೆ ಕೆಲವು ಸಂಗತಿಗಳು ಅಂದೇ ನನ್ನ ಕಣ್ಣಿಗೆ ಕುಕ್ಕಬೇಕಾಗಿತ್ತು. ಐದು ದಿನ ನಾನು ಯಾವ ಹೊತ್ತಿನಲ್ಲಿ ಹೋದರೂ ಹಾಡು ಮೂರನೆಯ ನುಡಿಯಲ್ಲೇ ಇರುತ್ತಿತ್ತು. ಅದರ ಪಲ್ಲವಿ ಏನೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಸೊಂಡಿಲು ಮುರಿದಿದ್ದ ಒಂದು ಮಣ್ಣಿನ ಆನೆ ಐದೂ ದಿನ ಅದೇ ಜಾಗದಲ್ಲಿ ಅದೇ ಮುರಿದ ಸೊಂಡಿಲಿನೊಂದಿಗೆ ನಿಂತಿತ್ತು. ಮೌನ ಓದಿನ ಅವಧಿಯಲ್ಲಿ ಮಕ್ಕಳ ಮುಖವೆಲ್ಲ ಕೆಂಪಾಗಿ ಬೆವರು ಇಳಿಯುತ್ತಿತ್ತು. ಇಷ್ಟೊಂದು ಮೈಮರೆತು ಓದುವ ಮಕ್ಕಳನ್ನು ನನ್ನ ಸೇವಾವಧಿಯಲ್ಲೇ ಕಂಡಿಲ್ಲವೆಂದು ನಾನು ವಹಿಯಲ್ಲಿ "ಅತ್ಯುತ್ತಮ" ಎಂದು ಬರೆದಿದ್ದೆ.

ಆರನೆಯ ದಿನ ಊಟವಾದ ಮೇಲೆ ಶಾಲೆಯ ಮೆಟ್ಟಿಲಿಳಿಯುವಾಗ ನನ್ನ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತಿತು. ಸತ್ತಿಯ ರೈತರೊಬ್ಬರು ಅಥಣಿಗೆ ಹೊರಟಿದ್ದರು. ಇಡೀ ಜೋಡನ್ನು ಅವರ ಕೈಗೆ ಕೊಟ್ಟು ಪರಸಪ್ಪನಿಗೆ ತಲುಪಿಸಲು ಹೇಳಿದೆ. ಎರಡು ಗಂಟೆಯಾಯಿತು. ವೇಳಾಪತ್ರಿಕೆಯ ಪ್ರಕಾರ ಅದು ಮೌನ ಓದಿನ ಹೊತ್ತು, ನನ್ನ ಸುತ್ತಿನ ಹೊತ್ತೂ ಹೌದು. ಬರಿಗಾಲೆಂಬ ಕಾರಣಕ್ಕೆ ತಪಾಸಣೆ ತಪ್ಪಿಸುವುದು ನನ್ನ ಸ್ವಭಾವಕ್ಕೆ ಒಗ್ಗುವುದಲ್ಲ. ಮೇ ತಿಂಗಳ ಎರಡು ಗಂಟೆಯ ನೆಲದ ಮೇಲೆ, ಗೋಡೆಯ ನೆರಳಿನಿಂದ ಕಂಬದ ನೆರಳಿಗೆ, ಕಂಬದ ನೆರಳಿನಿಂದ ಬಾಗಿಲ ನೆರಳಿಗೆ ಹಾರುತ್ತ ಪಡಸಾಲೆ ಮುಟ್ಟಿದೆ.

ಪಡಸಾಲೆ ಬರಿದಾಗಿತ್ತು. ನಲವತ್ತೆರಡು ಪುಸ್ತಕಗಳು ಚಾಪೆಯ ಮೇಲೆ ತೆರೆದು ಬಿದ್ದಿದ್ದವು. ಗಾಳಿ ಒಂದೊಂದಾಗಿ ಹಾಳೆ ಮಗುಚುತ್ತಿತ್ತು. ಮುರಿದ ಸೊಂಡಿಲಿನ ಆನೆಯೊಂದೇ ನನ್ನನ್ನು ನೋಡುತ್ತಿತ್ತು. ಹೋದರು, ನಲವತ್ತೆರಡೂ ಬಸ್ ಸ್ಟ್ಯಾಂಡಿಗೆ ಹೋದರು ಎಂದುಕೊಂಡೆ.

ಅಷ್ಟರಲ್ಲಿ ಹಿಂಬದಿಯಿಂದ ಒಂದು ಸಪ್ಪಳ ಕೇಳಿಸಿತು. ಕರ್ರ್. ಕರ್ರ್. ಕರ್ರ್. ನನ್ನ ಚಪ್ಪಲಿಯ ಸಪ್ಪಳ! ಆ ಚಪ್ಪಲಿ ಅಥಣಿಯ ದಾರಿಯಲ್ಲಿತ್ತು. ಅದನ್ನು ಮೆಟ್ಟಬೇಕಾದ ನಾನು ಇಲ್ಲಿದ್ದೆ. ಹಾಗಾದರೆ ಅಲ್ಲಿ ನಡೆಯುತ್ತಿದ್ದವರು ಯಾರು?

ನೀರಿನ ಟಾಕಿಯ ಹಿಂದೆ ನಿಂತು ಇಣುಕಿದೆ. ಹುಣಸೆಮರದ ನೆರಳಲ್ಲಿ ಇಡೀ ಶಿಬಿರ ಸುತ್ತುಗಟ್ಟಿ ಕುಳಿತಿತ್ತು. ಲಗೋರಿಯ ಹೆಂಚಿನ ತುಂಡುಗಳು ಒಂದು ಕಡೆ, ಜೋಳದ ದಂಟಿನಿಂದ ಮಾಡಿದ ಬಂಡಿಗಳು ಇನ್ನೊಂದು ಕಡೆ. ಮಣ್ಣಿನಲ್ಲಿ ಕಟ್ಟಿದ ಒಂದು ಊರೇ ಅಲ್ಲಿತ್ತು, ಅದರಲ್ಲಿ ಬಾವಿ ಇತ್ತು, ಬಾವಿಗೆ ಹಗ್ಗವಿತ್ತು. ನಡುವೆ ನಿಪ್ಪಾಣಿಯ ಶೋಭಾ, ಐದನೆಯ ತರಗತಿಯ ಹುಡುಗಿ, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ತಲೆಗೆ ಟವೆಲ್ಲಿನ ಟೋಪಿ, ಬಗಲಲ್ಲಿ ನನ್ನ ವಹಿಯಂತೆ ಒಂದು ರಟ್ಟು. ಅವಳು ಹೆಜ್ಜೆ ಇಟ್ಟಾಗಲೆಲ್ಲ ಕಾಶವ್ವ ತಗಡಿನ ಮುಚ್ಚಳದ ಮೇಲೆ ಸೌಟು ಎಳೆದು ಕರ್ರ್ ಎನ್ನಿಸುತ್ತಿದ್ದಳು.

"ಹುರುಪು ಎಂದರೇನು?" ಶೋಭಾ ನನ್ನಂತೆಯೇ ಕತ್ತು ಎತ್ತಿ ಕೇಳಿದಳು. "ಅಪ್ಪಾಸಾಬ, ನೀವು ಹೇಳಿ!"

ಅಪ್ಪಾಸಾಬ ಹಿಂದಿನ ಸಾಲಿನ ದಡ್ಡನಂತೆ ತಲೆ ಕೆರೆದುಕೊಳ್ಳುತ್ತ ಎದ್ದ. "ಹುರುಪು ಅಂದ್ರ... ಚಹಾಕ್ಕಿಂತ ಮೊದಲ ಬರೂ ನಿದ್ದಿರಿ ಸರ."

"ತಪ್ಪು! ಕೆಂಪು ಶಾಯಿ ತನ್ನಿ! ಆರು ಕಪ್ಪಿಗೆ ಹಿಡಿಕೆ ಇತ್ತು, ಏಳನೆಯದಕ್ಕೆ ಇರಲಿಲ್ಲ! ಹೀಗಿರುವಾಗ ನಾವು ಸುಮ್ಮನಿರಬಹುದೇ?"

"ಇಲ್ಲರೀ ಸರ!" ಎಂದು ನಲವತ್ತೊಂದು ಗಂಟಲುಗಳು ಕೂಗಿದವು. ಕಲಾವತಿ ಟೀಚರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಐದು ದಿನದಲ್ಲಿ ಅವರು ನಗುವುದನ್ನು ನಾನು ಅಂದೇ ಮೊದಲ ಬಾರಿಗೆ ಕಂಡದ್ದು.

ನನಗೆ ಬಂದ ಸಿಟ್ಟನ್ನು ಅಳೆಯುವ ಮಾಪಕ ಯಾವ ಶಾಲೆಯ ಪ್ರಯೋಗಾಲಯದಲ್ಲೂ ಇಲ್ಲ. ಮುಂದೆ ನುಗ್ಗಿ ಎಲ್ಲರನ್ನೂ ಮನೆಗೆ ಅಟ್ಟಬೇಕೆಂದು ಹೆಜ್ಜೆ ಎತ್ತಿದೆ. ಎತ್ತಿದ ಹೆಜ್ಜೆ ಅಲ್ಲೇ ನಿಂತಿತು. ಅಟ್ಟಿದರೆ ಸಂಜೆಯ ಬಸ್ಸಿಗೆ ನಲವತ್ತೆರಡು ಟ್ರಂಕು. ಕಾರ್ಯದರ್ಶಿಗಳ ಮುಖದ ಮೇಲಿನ ನಗೆ. ಮತ್ತೆಂದೂ ಶಿಬಿರದ ಹೆಸರಿಲ್ಲ. ಸುಮ್ಮನೆ ಹಿಂತಿರುಗಿದರೆ ಹತ್ತು ದಿನ ಪೂರೈಸುತ್ತದೆ. ಆದರೆ ನಾನು ಬರೆದ ಒಂದೊಂದು "ಉತ್ತಮ"ವೂ ಸುಳ್ಳೆಂದು ತಿಳಿದೂ ಬರೆಯುತ್ತ ಹೋಗಬೇಕು. ಸುಳ್ಳು ಲೆಕ್ಕ ನನ್ನ ಕೈಯಿಂದ ಆಗದು. ಹೀಗೆ ಎರಡರ ನಡುವೆ ತೂಗಾಡುತ್ತ ಇನ್ನೂ ಎಷ್ಟು ಹೊತ್ತು ನಿಲ್ಲುತ್ತಿದ್ದೆನೋ. ನನ್ನ ಅಂಗಾಲುಗಳು ತೀರ್ಮಾನ ಮಾಡಿದವು. ಟಾಕಿಯ ಹಿಂದಿನ ಕಾದ ಫರಸಿಕಲ್ಲಿನ ಮೇಲೆ ನಿಂತಿದ್ದೇನೆಂಬುದು ಒಮ್ಮೆಲೇ ಅರಿವಿಗೆ ಬಂದು, "ಅಯ್ಯಯ್ಯಪ್ಪೋ!" ಎಂದು ಚೀರಿ, ಎರಡು ಜಿಗಿತಕ್ಕೆ ಹುಣಸೆಮರದ ನೆರಳಿನ ನಟ್ಟನಡುವೆ, ಶೋಭಾಳ ಎದುರಿಗೆ ಬಂದು ಬಿದ್ದೆ.

ಕಾಶವ್ವನ ಸೌಟು ಕೈಯಿಂದ ಜಾರಿ ತಗಡಿನ ಮೇಲೆ ಕೊನೆಯದೊಂದು ಕರ್ರ್ ಎಂದಿತು.

ಮೊದಲು ಎಚ್ಚೆತ್ತವಳು ಅವಳೇ. "ಯಪ್ಪಾ, ಕಾಲ ಸುಟ್ಟಾವೇನ್ರಿ ಗುರುಗಳ? ಏ ಅಪ್ಪಾಸಾಬ, ಬಾಯಿ ತಕ್ಕೊಂಡ ಏನ ನೋಡತಿ? ಮಜ್ಜಿಗಿ ಗಡಿಗಿ ತಾ!"

ನನ್ನನ್ನು ಮಣೆಯ ಮೇಲೆ ಕೂರಿಸಿ, ಕಾಲುಗಳನ್ನು ಪರಾತದಲ್ಲಿ ಇರಿಸಿ, ಕಾಶವ್ವ ತಣ್ಣನೆಯ ಮಜ್ಜಿಗೆ ಸುರಿದಳು. ಮಜ್ಜಿಗೆಯಲ್ಲಿ ಕಾಲಿಟ್ಟುಕೊಂಡು ಕುಳಿತ ಮನುಷ್ಯ ಸಿಟ್ಟಿನಿಂದ ಮಾತನಾಡುವುದು ಎಷ್ಟು ಕಠಿಣವೆಂಬುದು ಕುಳಿತವರಿಗೇ ಗೊತ್ತು. ಶೋಭಾ ಟವೆಲ್ಲು ತೆಗೆದು ಎದೆಗವಚಿಕೊಂಡು ನಿಂತಿದ್ದಳು. ಹೆದರಿದಾಗ ಅವಳಿಗೆ ಮೊದಲು ಮರಾಠಿ ಬರುತ್ತಿತ್ತು.

"ಸರ, ರಾಗಾವೂ ನಕಾ... ಸಿಟ್ಟಾಗಬ್ಯಾಡ್ರಿ ಸರ. ಮನಿಗಿ ಮಾತ್ರ ಕಳಸಬ್ಯಾಡ್ರಿ. ಬೇಕಾದ್ರ ದಿನಾ ಐವತ್ತ ಲೆಕ್ಕಾ ಮಾಡತೀನ್ರಿ."

"ನಮ್ಮನ್ನೂ ಕಳಸಬ್ಯಾಡ್ರಿ ಸರ" ಎಂದು ಹಿಂದಿನಿಂದ ಇನ್ನೊಂದು ದನಿ. "ನಮ್ಮನ್ನೂ ಸರ." "ನನ್ನೂ ಸರ."

ಮಜ್ಜಿಗೆಯ ತಂಪು ಆಗ ಅಂಗಾಲಿನಿಂದ ತಲೆಗೆ ಏರಿರಬೇಕು. ಮಕ್ಕಳು ಟ್ರಂಕು ಹೊತ್ತು ಓಡಿಹೋದಾರೆಂದು ಐದು ರಾತ್ರಿ ನಾನು ಕಳವಳದಿಂದ ಕಳೆದಿದ್ದೆ. ಇಲ್ಲಿ ನೋಡಿದರೆ, ಮನೆಗೆ ಅಟ್ಟಿಬಿಟ್ಟಾರೆಂದು ಮಕ್ಕಳೇ ಕಳವಳಪಡುತ್ತಿದ್ದರು. ಆದರೂ ತಪಾಸಣೆಯ ದನಿಯಲ್ಲಿ ಕೇಳಿದೆ:

"ಅದಿರಲಿ. ನಾ ಬರೂದು ನಿಮಗ ಹ್ಯಾಂಗ ಗೊತ್ತಾಗತಿತ್ತು?"

ಶೋಭಾ ಅಪ್ಪಾಸಾಬನ ಮುಖ ನೋಡಿದಳು. ಅಪ್ಪಾಸಾಬ ಮರದ ತುದಿಯನ್ನು ನೋಡಿದ. ಕಡೆಗೆ ಅವಳು ರಟ್ಟಿನ ಹಿಂದಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ಮೇಲೆ ದಪ್ಪ ಅಕ್ಷರದಲ್ಲಿ "ಕಿವಿಪಾಳಿ" ಎಂದು ಬರೆದಿತ್ತು. ಕೆಳಗೆ ಹತ್ತು ದಿನದ ವೇಳಾಪತ್ರಿಕೆ. ಬೆಳಗಿನ ಆರರಿಂದ ಸಂಜೆ ಏಳರವರೆಗೆ, ಗಂಟೆಗೆ ಇಬ್ಬರಂತೆ, ಯಾರು ಗೋಡೆಯ ಬಳಿ ಕುಳಿತು ನನ್ನ ಚಪ್ಪಲಿಯ ಸಪ್ಪಳಕ್ಕೆ ಕಿವಿ ಕೊಡಬೇಕೆಂಬ ಪಾಳಿ. ಅಥಣಿಯವರ ಜೊತೆ ಕಾಗವಾಡದವರು, ರಾಯಬಾಗದವರ ಜೊತೆ ನಿಪ್ಪಾಣಿಯವರು, ಒಂದೇ ಊರಿನ ಇಬ್ಬರನ್ನು ಎಲ್ಲಿಯೂ ಜೋಡಿಸಿರಲಿಲ್ಲ. ಗೆರೆಗಳು ನೆಟ್ಟಗಿದ್ದವು. ಮೂರು ಬಣ್ಣದ ಶಾಯಿ ಬಳಸಿದ್ದರು. ನನ್ನ ವೇಳಾಪತ್ರಿಕೆಯಲ್ಲಿ ಎರಡು ಕಡೆ ಚಿತ್ತಿತ್ತು. ಇದರಲ್ಲಿ ಒಂದೂ ಇರಲಿಲ್ಲ.

ಓದುಗರೇ, ವಿಧಿಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಇಡೀ ಶಿಬಿರದಲ್ಲಿ ಒಂದು ನಿಮಿಷವೂ ತಪ್ಪದೆ ಪಾಲನೆಯಾಗಿದ್ದ ವೇಳಾಪತ್ರಿಕೆ ಅದೊಂದೇ. ಆದರೂ ಪರೀಕ್ಷಕನ ಕಣ್ಣು ಸುಮ್ಮನಿರದು. ಹುಡುಕಿ ಹುಡುಕಿ ಒಂದು ಲೋಪ ಹಿಡಿದೆ.

"ನಾಲ್ಕರಿಂದ ಐದು, ಯಾರ ಹೆಸರೂ ಇಲ್ಲ! ಹತ್ತೂ ದಿನ ಖಾಲಿ ಬಿಟ್ಟೀರಿ."

ಶೋಭಾ ಮೆಲ್ಲಗೆ ಹೇಳಿದಳು: "ಆವಾಗ ನೀವು ಚಹಾ ಕುಡದ ಪೋಸ್ಟ್ ಕಾರ್ಡ್ ಬರೀತೀರಿ ಸರ. ಬರೂದಿಲ್ಲ."

ಲೋಪವಿರಲಿಲ್ಲ. ನಾನು ಕಿಸೆಯಿಂದ ಪೆನ್ನು ತೆಗೆದೆ. ನಲವತ್ತೆರಡು ಮುಖಗಳು ಪೆನ್ನಿನ ಮೊನೆಯನ್ನೇ ನೋಡುತ್ತಿದ್ದವು. ಕಿವಿಪಾಳಿಯ ಕೆಳಗೆ "ಪರಿಶೀಲಿಸಲಾಗಿದೆ. ಉತ್ತಮ" ಎಂದು ಬರೆದು ಸಹಿ ಹಾಕಿದೆ. ಆ ಶಿಬಿರದಲ್ಲಿ ನಾನು ಬರೆದ ಮೊದಲ ನಿಜವಾದ "ಉತ್ತಮ" ಅದು.

ಮೊದಲು ಯಾರು ನಕ್ಕರೋ ತಿಳಿಯದು. ಕಲಾವತಿ ಟೀಚರೇ ಇರಬೇಕು. ಆಮೇಲೆ ಹುಣಸೆಮರದ ಕೆಳಗೆ ಎದ್ದ ಗದ್ದಲಕ್ಕೆ ಹೊಳೆಯ ಆಚೆ ದಂಡೆಯ ಎಮ್ಮೆಗಳೂ ತಲೆ ಎತ್ತಿ ನೋಡಿದವು. ಗದ್ದಲದ ನಡುವೆ ಅಪ್ಪಾಸಾಬ ನನ್ನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಹೇಳಿದ:

"ತಪ್ಪ ತಿಳೀಬ್ಯಾಡ್ರಿ ಸರ. ಐದ ದಿನ ನೀವು ಉತ್ತಮ, ಉತ್ತಮ ಅಂತ ಬರದ್ರಿ. ಖರೇನ ಉತ್ತಮ ಆಗಿದ್ದ ಒಂದೂ ನೋಡಲಿಲ್ಲ. ಈ ಮಣ್ಣಿನ ಊರ ನೋಡ್ರಿ. ಐದೂ ಊರಿನ ಹುಡುಗೂರ ಕೂಡಿ ಕಟ್ಯಾರ. ಟೀಚರ ಊಟಾ ಬಿಟ್ಟ ನಿಂತ ಕಲಿಸ್ಯಾರ. ಯಾರಿಗಿ ತೋರಸೂದ್ರಿ ಇದನ್ನ? ನೀವು ಬಂದ್ರ ಹಾಡಿನ ಮೂರನೇ ನುಡಿ ಹಿಡೀಬೇಕು."

ಈ ಮಾತನ್ನೂ ನಾನು ಮರೆತಿಲ್ಲ. ಆದರೆ ಅವಮಾನಗಳ ಸಾಲಿನಲ್ಲಿ ಬರೆದುಕೊಂಡಿಲ್ಲ.

ಮರುದಿನ ಹುರುಪಿನ ಭಾಷಣವಿರಲಿಲ್ಲ. ಮೂವರಿಗೂ ಬಿಸಿ ಚಹಾ ಇತ್ತು. ಪರಸಪ್ಪ ಹೊಲಿದು ಕಳಿಸಿದ ಚಪ್ಪಲಿ ಮಧ್ಯಾಹ್ನ ಬಂತು, ಸಪ್ಪಳ ಸಮೇತ. ಇನ್ನು ಮೇಲೆ ಬರಿಗಾಲಲ್ಲೇ ಸುತ್ತು ಹಾಕಿ ಹಿಡಿಯಬಹುದಲ್ಲ ಎಂಬ ಆಲೋಚನೆ ಒಂದು ಗಳಿಗೆ ಬಂದದ್ದುಂಟು. ಆದರೆ ಚಪ್ಪಲಿಯನ್ನೇ ಮೆಟ್ಟಿದೆ. ಹೆಜ್ಜೆ ನಿಧಾನ ಮಾಡಿದೆ. ಟಾಕಿಯ ಹತ್ತಿರ ಒಮ್ಮೆ ಕೆಮ್ಮಿದೆ. ಸಪ್ಪಳ ಕೇಳಿದರೂ ಯಾರೂ ಪಡಸಾಲೆಗೆ ಓಡಲಿಲ್ಲ. "ಸರ ಬಂದ್ರು! ನಮ್ಮ ಕಡೆ ಒಬ್ಬರ ಕಡಿಮಿ ಅದಾರ, ಬರ್ರಿ ಸರ!" ಎಂದು ಲಗೋರಿಗೆ ಎಳೆದುಕೊಂಡರು. ಮೊದಲನೆಯ ಚೆಂಡಿಗೇ ನಾನು ಔಟಾದೆನೆಂದು ಅಪ್ಪಾಸಾಬ ಸೀಟಿ ಊದಿದ. ಚೆಂಡು ನನ್ನ ಧೋತರಕ್ಕೆ ತಾಗಿತ್ತೇ ಹೊರತು ಮೈಗಲ್ಲ. ಆ ತೀರ್ಪಿನ ವಿರುದ್ಧ ನನ್ನ ಆಕ್ಷೇಪ ಇಂದಿಗೂ ಉಳಿದಿದೆ.

ಹತ್ತನೆಯ ದಿನ ಕಾರ್ಯದರ್ಶಿಗಳು ಜೀಪಿನಲ್ಲಿ ಬಂದಿಳಿದರು. ಅವರಿಗೆಂದೇ ನಾನು ಮನೆಯಿಂದ ಒಂದು ಕಪ್ಪನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಅದಕ್ಕೆ ಹಿಡಿಕೆ ಇರಲಿಲ್ಲ. ಮಕ್ಕಳು ಆಟ ಆಡಿ ತೋರಿಸಿದರು, ಹಾಡನ್ನು ಮೊದಲ ನುಡಿಯಿಂದ ಹಾಡಿದರು. ಆದರೆ ಆಗ ನಾನು ಚಹಾದ ವ್ಯವಸ್ಥೆಯಲ್ಲಿದ್ದೆ. ಕಡೆಗೆ ನಾಟಕ. ಶೋಭಾ ನನ್ನ ಹತ್ತಿರ ಬಂದು ಕೈ ಚಾಚಿ, "ಸರ, ಚಪ್ಪಲ್" ಎಂದಳು. ಕಳಚಿ ಕೊಟ್ಟೆ. ಅವಳ ಎರಡು ಪಾದ ಹಿಡಿಸುವಷ್ಟು ದೊಡ್ಡ ಚಪ್ಪಲಿಯಲ್ಲಿ ಅವಳು ಕರ್ರ್ ಕರ್ರ್ ಎಂದು ನಡೆದು ಬಂದು, "ಹುರುಪು ಎಂದರೇನು?" ಎಂದಾಗ ಕಾರ್ಯದರ್ಶಿಗಳು ಕಪ್ಪು ಹಿಡಿದುಕೊಂಡೇ ನಕ್ಕರು. ಚಹಾ ತುಳುಕಿ ಬೆರಳ ಮೇಲೆ ಬಿತ್ತು. ಏಳನೆಯ ಕಪ್ಪಿನ ಮಾತು ಬಂದಾಗ ಮಾತ್ರ ನಗೆ ನಿಲ್ಲಿಸಿ, ತಮ್ಮ ಕೈಯಲ್ಲಿದ್ದುದನ್ನು ಸುತ್ತ ತಿರುಗಿಸಿ ನೋಡಿ, ನಂತರ ನನ್ನನ್ನು ನೋಡಿದರು. ನಾನು ಹೊಳೆಯ ಕಡೆ ನೋಡುತ್ತಿದ್ದೆ.

"ಎಲ್ಲಾ ಅದಾವೇನ್ರಿ ಮಾಸ್ತರ, ನಲವತ್ತೆರಡೂ?"

"ಎಣಸ್ರಿ."

ಎಣಿಸಿದರು. ನಲವತ್ತಮೂರು ಬಂತು. ಮತ್ತೆ ಎಣಿಸಿದರೂ ನಲವತ್ತಮೂರೇ. ಅಪ್ಪಾಸಾಬ ಮಕ್ಕಳ ನಡುವೆ ಕಾಲು ಮಡಚಿ ಕುಳಿತಿದ್ದ.

"ಛಲೋ ಆತು" ಎಂದರು ಕಾರ್ಯದರ್ಶಿಗಳು. ಹತ್ತು ದಿನದ ಕೆಲಸಕ್ಕೆ ಎರಡು ಶಬ್ದ. ನಾನು ಕನಿಷ್ಠ ನಾಲ್ಕು ನಿರೀಕ್ಷಿಸಿದ್ದೆ. ಆದರೂ ಮುಂದಿನ ವರ್ಷ ಶಿಬಿರ ನಡೆಯಿತು. ಅದರ ಮುಂದಿನ ವರ್ಷವೂ. ತೊಂಬತ್ತರ ದಶಕ ಅರ್ಧ ಕಳೆಯುವವರೆಗೂ ಪ್ರತಿ ಮೇ ತಿಂಗಳು ನಾವು ಸತ್ತಿಯ ಉಸುಕಿನಲ್ಲಿದ್ದೆವು. ಪ್ರತಿ ವರ್ಷವೂ ದೊಡ್ಡ ಮಕ್ಕಳು ಹೊಸ ಮಕ್ಕಳಿಗೆ ಮೊದಲ ದಿನವೇ ಕಿವಿಪಾಳಿ ಬರೆಯಲು ಗುಟ್ಟಾಗಿ ಕಲಿಸುತ್ತಿದ್ದರು. ನನಗೆ ಅದು ತಿಳಿದಿರಲಿಲ್ಲ. ತಿಳಿಯದಿರಲು ನಾನು ಸಾಕಷ್ಟು ಶ್ರಮ ಪಡುತ್ತಿದ್ದೆ. ಚಪ್ಪಲಿಗೆ ವರ್ಷಕ್ಕೊಮ್ಮೆ ಹೊಸ ಬೀಜ ಹಾಕಿಸುತ್ತಿದ್ದೆ.

ಈಗ ಸದಾಶಿವನ ಉಪಕಾರದಿಂದ ನಾನು ಬೆಕ್ಕಾಗಿದ್ದೇನೆ. ಮೊನ್ನೆ ಪೇಟೆಯಿಂದ ಮನೆಗೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರೆ, ಡಾಕ್ಟರು ಸಿಹಿ ಮುಟ್ಟಬೇಡಿ ಎಂದಿರುವ ನನ್ನ ಹೆಂಡತಿ ಕರದಂಟಿನ ಡಬ್ಬಿಯ ಮುಂದೆ ಬಾಯಿ ತುಂಬಿಕೊಂಡು ನಿಂತಿದ್ದಳು. ಬೆಚ್ಚಿ, ಕೆಮ್ಮಿ, ನೀರು ಕುಡಿದು, ತಪ್ಪು ನನ್ನದೇ ಎಂಬಂತೆ ಬೈದಳು.

"ಅಲ್ರೀ, ಹಿಂಗ ಕಳ್ಳರಂಗ ಬರೂದೇನ್ರಿ ಮನಿಗಿ? ನಲವತ್ತ ವರ್ಷ ನೀವು ಬರೂದ ಕೇಳಿ ಡಬ್ಬಿ ಮುಚ್ಚತಿದ್ದೆ. ಇವತ್ತ ಎದಿ ಒಡದ ಹೋಗತಿತ್ತು ನಂದು!"

ನಲವತ್ತು ವರ್ಷದ ಕಿವಿಪಾಳಿ, ಒಬ್ಬಳೇ, ಒಂದು ಗಂಟೆಯೂ ರಜೆಯಿಲ್ಲದೆ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಆಗ ಬಾವಿಯ ಕಟ್ಟೆಯ ಮೇಲೆ ಕುಳಿತು ಚೀಲದಿಂದ ಇನ್ನೊಂದು ಜೋಡು ತೆಗೆಯುತ್ತಿದ್ದ ಅಪ್ಪ ಕಣ್ಣಿಗೆ ಕಟ್ಟಿದ. ಹೊಲದ ಮಣ್ಣಿನ ಮಾತಲ್ಲ ಅದು. ಅಜ್ಜಿಗೆ ಚಂಚಿ ಸೇರಿಸಲು, ಅವ್ವನಿಗೆ ಮಾತು ಮುಗಿಸಲು, ನಮಗೆ ಗೋಲಿ ಅಡಗಿಸಲು ಬಾವಿಯಿಂದ ಬಾಗಿಲಿನವರೆಗಿನ ಹೊತ್ತನ್ನು ಅವನು ದಿನವೂ ನಮಗೆ ಕೊಡುತ್ತಿದ್ದ. ನನ್ನ ತಲೆಕೆಳಗಾದ ಪುಸ್ತಕವನ್ನು ಅವನು ಎಷ್ಟು ಸಲ ನೋಡಿರಬೇಕು!

ಚಪ್ಪಲಿ ಹಿಡಿದು ನೇರ ಅಂಗಡಿಗೆ ಹೋದೆ. ಸದಾಶಿವ ಗಾಬರಿಯಾದ. ಒಳಗಿನಿಂದ ಮುದುಕ ಪರಸಪ್ಪ ಕೋಲೂರಿಕೊಂಡು ಬಂದು, ಚಪ್ಪಲಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡಿ, ಮಗನ ಕಡೆ ಒಮ್ಮೆ ಕಣ್ಣು ಬಿಟ್ಟ. ಆಮೇಲೆ ಹಳೆಯ ಮರ್ಯಾದೆಯಿಂದ ನನ್ನನ್ನು ಕೇಳಿದ:

"ಸಪ್ಪಳ ಎಷ್ಟ ಬೇಕ್ರಿ, ಮಾಸ್ತರ?"

"ಓಣಿಯ ಬಾಯಿಂದ ಕೇಳಬೇಕು ಪರಸಪ್ಪಾ" ಎಂದೆ. "ಡಬ್ಬಿ ಮುಚ್ಚಿ, ಬಾಯಿ ಒರಸಕೊಂಡ, ಏನೂ ಆಗಿಲ್ಲ ಅನ್ನೂವಂಗ ನಿಲ್ಲಾಕ ಒಬ್ಬರಿಗಿ ಎಷ್ಟ ಹೊತ್ತ ಬೇಕಾಗತೈತಿ, ಅಷ್ಟ ಹಾಕ."